ಗೋವಾಕ್ಕ ಹೋಗೂ ಮೊದಲು ಅಣ್ಣಿಗೇರಿಗೆ ಹೋಗಿ ಬರ್ರಿ

ಕಡ್ಲಿ ರಾಶಿ ಮುಗಿದು, ಜೋಳದ ತೆನಿ ಕಣಕ್ಕೆ ಬಂದು, ಎರಿ ಹೊಲ ಬಿಸಿಲಿಗೆ ಬಾಯಿ ಬಿಡೂ ಹೊತ್ತಿಗೆ ನಮ್ಮ ಕಡೆ ಹುಡುಗರಿಗೆ ನಾಲ್ಕು ದಿನ ಬಿಡುವು ಸಿಗ್ತದ. ಮಾಲು ಮಾರಿದ್ದರೆ ಕೈಯಾಗ ನಾಲ್ಕು ಕಾಸೂ ಇರ್ತಾವ. ಆಗ ವಾಟ್ಸಾಪ್ ಗುಂಪಿನಾಗ ಒಂದೇ ಮಾತು: ಗೋವಾಕ್ಕ ಹೋಗೂಣು, ದಾಂಡೇಲಿಗೆ ಹೋಗೂಣು. ಹೋಗ್ರಿ, ಬ್ಯಾಡ ಅನ್ನಾಂವ ನಾನಲ್ಲ. ಆದರೆ ಈ ವಾರ ಬೀಜ, ಗೊಬ್ಬರ, ಔಷಧದ ಮಾತು ಬದಿಗಿಟ್ಟು ಒಂದು ಅಭಿಪ್ರಾಯ ಹೇಳಬೇಕಾಗೇದ. ಧಾರವಾಡ ಜಿಲ್ಲೆಯ ರೈತನ ಮಗ ಮೊದಲು ನೋಡಬೇಕಾದ ನಾಡು ಯಾವುದು ಅಂದ್ರ, ಅವನು ದಿನಾ ಬಿತ್ತಿ ಬೆಳೆಯುವ ನಾಡೇ. ಆ ನಾಡಿಗೆ ಒಂದು ಹಳೇ ಹೆಸರು ಐತಿ: ಬೆಳ್ವೊಲ. ಅದಕ್ಕೊಂದು ರಾಜಧಾನಿನೂ ಇತ್ತು: ಅಣ್ಣಿಗೇರಿ.

ಇದು ಬರೇ ಅಭಿಮಾನದ ಮಾತಲ್ಲ. ತನ್ನ ನಾಡನ್ನು ತಾನೇ ನೋಡದವನ ಮಾಲಿಗೆ ಬ್ಯಾರೆಯವರು ಬೆಲೆ ಕಟ್ತಾರ, ಅವನ ಭೂಮಿಗೂ ಬ್ಯಾರೆಯವರೇ ಬೆಲೆ ಕಟ್ತಾರ. ನನ್ನ ವಾದ ಇಷ್ಟೇ. ಮುಂದೆ ಹೇಳೂದೆಲ್ಲಾ ಇದಕ್ಕ ಆಧಾರ.

ಹೆಸರಿನಾಗೇ ಹೊಲ ಐತಿ

ಬೆಳ್ವೊಲ ಅನ್ನೂ ಶಬ್ದವನ್ನು ವಿದ್ವಾಂಸರು "ಬೆಳೆ" ಮತ್ತು "ಹೊಲ" ಎಂದು ಬಿಡಿಸುತ್ತಾರೆ. ಬೆಳೆಯುವ ಹೊಲ, ಅಷ್ಟೇ. ಅರಸರ ಹೆಸರಲ್ಲ, ದೇವರ ಹೆಸರಲ್ಲ, ಹೊಲದ ಹೆಸರನ್ನು ಒಂದು ಇಡೀ ನಾಡಿಗೆ ಇಟ್ಟಿದ್ದರು. ಶಾಸನಗಳಲ್ಲಿ ಅದು "ಬೆಳ್ವೊಲ-300" ಎಂದು ಬರುತ್ತದೆ. ಆ ಸಂಖ್ಯೆ ಹಳ್ಳಿಗಳ ಲೆಕ್ಕ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪಕ್ಕದಲ್ಲಿ ಈಗಿನ ಲಕ್ಷ್ಮೇಶ್ವರದ ಸುತ್ತ ಪುಲಿಗೆರೆ-300 ಇತ್ತು. ಎರಡನ್ನೂ ಕೂಡಿಸಿ "ಎರಡರುನೂರು" ಅಂತಿದ್ದರು. ಸುಮಾರು 850ರ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅಂದರೆ ನಮ್ಮ ಮಾತಿಗೆ "ಹಳ್ಳಿ ಭಾಷಾ" ಅಂತ ನಗಾವ್ರು ಯಾರಾದರೂ ಇದ್ದರೆ, ಅವರಿಗೆ ಈ ಒಂದು ಸಂಗತಿ ಸಾಕು.

ಈ ಹೊಲಕ್ಕಾಗಿ ಅರಸರು ಬಡಿದಾಡಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949-50ರ ಒಂದು ಪ್ರಸಿದ್ಧ ಶಾಸನ ಸಿಕ್ಕಿದೆ. ಹಂದಿಯ ಜೊತೆ ಕಾದಾಡಿ ಸತ್ತ "ಕಾಳಿ" ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಅದೇ ಕಲ್ಲಿನ ಮೇಲೆ ಇನ್ನೊಂದು ಸುದ್ದಿ ಕೆತ್ತಿದ್ದಾರೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟರ ಮೂರನೇ ಕೃಷ್ಣ ಇನಾಮು ಕೊಟ್ಟ. ಆ ಇನಾಮಿನ ಪಟ್ಟಿಯಲ್ಲಿ ಬನವಾಸಿ-12000 ಇದೆ, ಪುಲಿಗೆರೆ-300 ಇದೆ, ನಮ್ಮ ಬೆಳ್ವೊಲ-300 ಕೂಡ ಇದೆ. ತಮಿಳುನಾಡಿನಾಗ ಗೆದ್ದ ಯುದ್ಧಕ್ಕೆ ಬಹುಮಾನ ನವಲಗುಂದ-ಅಣ್ಣಿಗೇರಿಯ ಎರಿ ಭೂಮಿ! ಮುಂದಿನ ಶತಮಾನದಲ್ಲಿ ಚೋಳರು ಬೆಳ್ವೊಲಕ್ಕೆ ನುಗ್ಗಿ ಅಣ್ಣಿಗೇರಿಯ ಬಸದಿ ಸುಟ್ಟದ್ದನ್ನೂ, ಆಮೇಲೆ ಲಕ್ಷ್ಮರಸ ಎಂಬ ಅಧಿಕಾರಿ ಅದನ್ನು ಮತ್ತೆ ನಿಲ್ಲಿಸಿದ್ದನ್ನೂ 1071-72ರ ಶಾಸನ ಹೇಳುತ್ತದೆ. ಯಾರೂ ಬರಡು ಭೂಮಿಗೆ ದಂಡೆತ್ತಿ ಬರೂದಿಲ್ಲ. ಇಷ್ಟು ಬೇಡಿಕೆ ಇದ್ದ ಭೂಮಿಯನ್ನು ಇವತ್ತು ನಾವೇ "ಏನೈತಿ ಇದರಾಗ" ಅಂತೀವಿ.

ಅಣ್ಣಿಗೇರಿಯೊಳಗ ಏನು ನೋಡಬೇಕು

ಅಣ್ಣಿಗೇರಿ ಹುಬ್ಬಳ್ಳಿ-ಗದಗ ರಸ್ತೆಯ ಮೇಲೇ ಐತಿ, ಅದೇ ಮಾರ್ಗದಾಗ ರೈಲ್ವೆ ನಿಲ್ದಾಣನೂ ಐತಿ. ಬಸ್ಸಿನಾಗ ಗದಗಕ್ಕೆ ಹೋಗುವಾಗ ಹತ್ತಾರು ಸಲ ದಾಟಿರ್ತೀರಿ. ಒಮ್ಮೆ ಇಳಿದು ಊರೊಳಗ ನಡೀರಿ.

ಮೊದಲು ಅಮೃತೇಶ್ವರ ಗುಡಿ. 1050ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಟ್ಟಿದ್ದು. ಒಳಗೆ 76 ಕಂಬಗಳಿವೆ. ಅದಕ್ಕೂ ಹಿಂದೆ ಬಾದಾಮಿ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು ಬಳಸಿದ್ದರು. ಇಲ್ಲಿ ಬಳಸಿದ್ದು ಬಳಪದ ಕಲ್ಲು. ಅಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಹಾಗಾಗಿಯೇ ಕಂಬಗಳನ್ನು ಬುಗುರಿ ತಿರುಗಿಸಿದಂಗ ತಿರುಗಿಸಿ ಕಡೆಯಲು ಬಂತು, ಬಳೆಯಂಥ ಸಣ್ಣ ಗೆರೆ ಕೊರೆಯಲು ಬಂತು. ಕೈಯಿಟ್ಟು ನೋಡಿದ್ರ ಇವತ್ತಿಗೂ ನುಣುಪು ಉಳಿದೈತಿ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಹೆಸರು ಎಲ್ಲರಿಗೂ ಗೊತ್ತು. ಅದೇ ಬಗೆಯ ಕೆಲಸವನ್ನು ಅದಕ್ಕೂ 60 ವರ್ಷ ಮೊದಲು ಮಾಡಿ ತೋರಿಸಿದ ಗುಡಿ ಇದು.

ಒಬ್ಬ ರೈತನಾಗಿ ಅಲ್ಲಿ ನಿಂತರೆ ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಎರಿ ಹೊಲದಾಗ ಎಷ್ಟು ಆಳ ನೇಗಿಲು ಹೊಡೆದರೂ ಇಂಥ ಕಲ್ಲು ಏಳೂದಿಲ್ಲ. ಗಾಡಿ, ಎತ್ತು, ಶಿಲ್ಪಿಗಳ ವರ್ಷಗಟ್ಟಲೆಯ ಊಟ, ಕೂಲಿ, ಇದನ್ನೆಲ್ಲಾ ಯಾವುದು ಹೊತ್ತಿತು? ಜೋಳ ಹೊತ್ತಿತು, ಕಾಳು ಹೊತ್ತಿತು, ಎಣ್ಣಿ ಗಾಣ ಹೊತ್ತಿತು. ಅರಸರ ಹೆಸರು ಕಲ್ಲಿನ ಮೇಲೆ ಇರಬಹುದು, ಖರ್ಚು ಮಾತ್ರ ಹೊಲದ್ದು.

ಆಮೇಲೆ ಪಂಪ. ಆದಿಕವಿ ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಒಂದು ಶಾಸನ ಬರೆಸಿದ್ದಾನೆ. ಅದರಲ್ಲಿ ತಾಯಿ ಅಬ್ಬಣಬ್ಬೆಯ ಮನೆತನವನ್ನು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನಿಗೆ ಜೋಡಿಸಿ ಹೇಳುತ್ತಾನೆ. ಕನ್ನಡದ ಮೊದಲ ಮಹಾಕವಿಯ ತಾಯಿಯ ತೌರು ನಮ್ಮೂರ ಬಸ್ ನಿಲ್ಲೂ ಊರು! 941ರ ಸುಮಾರಿಗೆ ಅವನು ಮಹಾಭಾರತವನ್ನು ಕನ್ನಡಕ್ಕೆ ತಂದ. ಪಂಪನ ಹೆಸರಿನ ಪ್ರಶಸ್ತಿ ಎಲ್ಲರಿಗೂ ಗೊತ್ತು, ಪಂಪನ ಅಜ್ಜಿ ಮನಿ ಊರು ನಮ್ಮ ಹುಡುಗರಿಗೇ ಗೊತ್ತಿಲ್ಲ.

ಅಣ್ಣಿಗೇರಿ ಬೆಳ್ವೊಲದ ರಾಜಧಾನಿಯಷ್ಟೇ ಆಗಿರಲಿಲ್ಲ. 12ನೇ ಶತಮಾನದ ಕೊನೆಗೆ ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ಕನೇ ಸೋಮೇಶ್ವರ ಆಳಿದ್ದೂ ಇಲ್ಲಿಂದಲೇ. 2010ರಲ್ಲಿ ಇದೇ ಊರಿನ ಚರಂಡಿ ಕೆಲಸದಾಗ ನೂರಾರು ತಲೆಬುರುಡೆ ಸಾಲಾಗಿ ಸಿಕ್ಕವು. ಯುದ್ಧವೋ, ದುರ್ಗಾದೇವಿ ಬರದಂಥ ದೊಡ್ಡ ಬರವೋ ಎಂದು ಚರ್ಚೆ ನಡೆಯಿತು. ಯಾವುದೇ ಇರಲಿ, ಈ ಮಣ್ಣು ಬರೇ ಸುಗ್ಗಿ ಕಂಡದ್ದಲ್ಲ ಅನ್ನೂದು ಅಲ್ಲಿ ನಿಂತವರಿಗೆ ತಿಳೀತದ.

ಶಾಸನ ಅಂದ್ರ ಹಳೇ ಉತಾರ

ಹುಡುಗರಿಗೆ ನಾ ಯಾವಾಗ್ಲೂ ಹೇಳೂ ಮಾತು ಇದು: ಶಾಸನ ನೋಡಿ ಹೆದರಬ್ಯಾಡ್ರಿ, ಅದು ಕಲ್ಲಿನ ಉತಾರ. ಇವತ್ತು ಮೊಬೈಲಿನಾಗ ಪಹಣಿ ತಗೀತೀರಿ. ಸರ್ವೆ ನಂಬರ್, ಎಕರೆ-ಗುಂಟೆ, ಕಬ್ಜಾದಾರರ ಹೆಸರು, ಬೆಳೆ ಇರ್ತಾವ. ಸಾವಿರ ವರ್ಷದ ಹಿಂದಿನ ದಾನಶಾಸನದಾಗೂ ಅದೇ ಇರ್ತದ. ಎಕರೆಯ ಬದಲು ಮತ್ತರು, ಕಮ್ಮ. ನಾಲ್ಕೂ ದಿಕ್ಕಿನ ಸೀಮೆ: ಮೂಡಲಿಗೆ ಹಳ್ಳ, ತೆಂಕಲಿಗೆ ದಾರಿ, ಬಡಗಲಿಗೆ ನಟ್ಟ ಕಲ್ಲು. ಕರಿ ನೆಲ ಎಷ್ಟು, ಕೆಂಪು ನೆಲ ಎಷ್ಟು, ತೋಟ ಎಷ್ಟು ಎಂದು ಬೇರೆ ಬೇರೆ. ನಾವು ಎರಿ, ಮಸಾರಿ ಅಂತೀವಲ್ಲ, ಅದೇ ಲೆಕ್ಕ. ಜೊತೆಗೆ ಗಾಣಕ್ಕೆ ಎಷ್ಟು ಎಣ್ಣೆ, ಸಂತೆಯ ಹೇರಿಗೆ ಎಷ್ಟು ಸುಂಕ ಅನ್ನೂದೂ ಬರ್ತದ. ಕೊನೆಗೆ ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಅನ್ನೂ ಶಾಪ. ಆಗಿನ ಕಾಲದ ನೋಂದಣಿ ಕಚೇರಿ ಸಿಕ್ಕಾ ಅದು!

ಇಂಥ ಕಲ್ಲು ಬರೇ ಅಣ್ಣಿಗೇರಿಯಾಗ ಇಲ್ಲ. ನಮ್ಮ ತಾಲೂಕುಗಳ ಹಳ್ಳಿ ಹಳ್ಳಿಗೂ ಹಣಮಪ್ಪನ ಗುಡಿ ಮುಂದೆ, ಕೆರಿ ದಂಡಿಗೆ, ಅಗಸಿ ಬಾಗಲಕ್ಕೆ ಒಂದೋ ಎರಡೋ ಸಿಗ್ತಾವ. ಅವುಗಳ ಗತಿ ನೋಡಿದ್ರ ಹೊಟ್ಟಿ ಉರೀತದ. ಒಂದೂರಾಗ ಶಾಸನದ ಕಲ್ಲು ಅರಬಿ ಒಗಿಯೂ ಕಲ್ಲಾಗೇದ. ಇನ್ನೊಂದೂರಾಗ ವೀರಗಲ್ಲಿಗೆ ಹಸಿರು ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚ್ಯಾರ. ಮತ್ತೊಂದು ಕಡೆ ನಿಧಿ ಆಸೆಗೆ ಅಮಾಸಿ ರಾತ್ರಿ ಕಲ್ಲಿನ ಬುಡ ಅಗೆದು ಅದನ್ನ ಎರಡು ಹೋಳು ಮಾಡ್ಯಾರ. ತಿಳೀರಿ: ಕಲ್ಲಿನ ಕೆಳಗ ಬಂಗಾರ ಇರೂದಿಲ್ಲ, ಇದ್ದ ಬಂಗಾರ ಕಲ್ಲಿನ ಮೇಲಿನ ಅಕ್ಷರ. ನಿಮ್ಮೂರಿಗೆ ಯಾವ ಕಾಲದಾಗ ಕೆರೆ ಇತ್ತು, ಯಾವ ಬೆಳೆ ಇತ್ತು ಅನ್ನೂದಕ್ಕೆ ಬ್ಯಾರೆ ಸಾಕ್ಷಿ ಎಲ್ಲೂ ಇಲ್ಲ.

ನೀರಿನ ಪಾಠ

ಎರಿ ಭೂಮಿ ತಾಯಿ ಇದ್ದಂಗ, ಆದರೆ ನೀರಿನ ವಿಷಯದಾಗ ಬಲು ಬಿಗಿ. ನವಲಗುಂದ, ಅಣ್ಣಿಗೇರಿ ಕಡೆ ಬಹಳ ಹಳ್ಳಿಗಳಲ್ಲಿ ಬೋರ್ ಹಾಕಿದರೆ ಸವಳು ನೀರು. ಅದಕ್ಕೇ ಹಿಂದಿನವರು ಆಳಕ್ಕೆ ಇಳಿಯಲಿಲ್ಲ, ಮೇಲೆ ಹರಿಯುವುದನ್ನು ಹಿಡಿದರು. ಊರಿಗೊಂದು ಕುಡಿಯುವ ನೀರಿನ ಕೆರೆ, ಅದಕ್ಕೆ ಕಾವಲು, ದನ ಇಳಿಯದಂತೆ ಕಟ್ಟುಪಾಡು. ನವಲಗುಂದದ ನೀಲಮ್ಮನ ಕೆರೆಯಂಥವು ಇವತ್ತಿಗೂ ಜನರ ಬಾಯಾರಿಕೆ ತಣಿಸ್ತಾವ. ಈಗ ಅವನ್ನು ತುಂಬಿಸೂದು ಮಲಪ್ರಭಾ ಕಾಲುವೆ, ಅಷ್ಟೇ ವ್ಯತ್ಯಾಸ.

ಅಣ್ಣಿಗೇರಿ ನೋಡಿದ ದಿನ ಕೈಯಾಗ ಹೊತ್ತಿದ್ದರೆ ಗದಗ ದಾಟಿ ಲಕ್ಕುಂಡಿಗೂ ಹೋಗ್ರಿ. ಅದೂ ಬೆಳ್ವೊಲದ್ದೇ ಊರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಅಲ್ಲೈತಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಮಹಾತಾಯಿ ಅವಳು. ಆದರೆ ರೈತರು ನೋಡಲೇಬೇಕಾದದ್ದು ಅಲ್ಲಿನ ಬಾವಿಗಳು. 101 ಬಾವಿ ಅಂತ ಊರವರು ಹೇಳ್ತಾರ. ಮುಸುಕಿನ ಬಾವಿಗೆ ಇಳಿದು ನೋಡ್ರಿ. ನೀರಿಗೆ ಇಳಿಯೂ ಮೆಟ್ಟಿಲಿಗೂ ಗುಡಿಗೆ ಮಾಡಿದಷ್ಟೇ ಕುಸುರಿ ಮಾಡ್ಯಾರ. ನೀರನ್ನು ದೇವರ ಸಮಾನ ಕಂಡವರ ಕೆಲಸ ಅದು. ನಾವು ಕೃಷಿ ಹೊಂಡ ತೆಗೆಸ್ತೀವಿ, ಸಹಾಯಧನ ಬಂದ ಮೇಲೆ ಹೂಳು ತುಂಬಿದರೂ ತಿರುಗಿ ನೋಡೂದಿಲ್ಲ. ಹೊಂಡ ತೆಗೆಯಾಕ ಯಂತ್ರ ಸಾಕು, ಉಳಿಸಾಕ ಊರು ಬೇಕು. ಆ ಬಾವಿಗಳನ್ನು ಕಂಡಾಗ ನನಗ ಅನ್ನಿಸಿದ್ದು ಇಷ್ಟು.

ನವಲಗುಂದದ ಕಲ್ಲು, ನವಲಗುಂದದ ಜಮಖಾನ

ಚರಿತ್ರೆ ಅಂದ್ರ ಬರೇ ಸಾವಿರ ವರ್ಷದ ಹಿಂದಿನದ್ದಲ್ಲ. ನವಲಗುಂದಕ್ಕೆ ಹೋದವರು ರೈತ ಹುತಾತ್ಮರ ವೀರಗಲ್ಲಿನ ಮುಂದೆ ಎರಡು ನಿಮಿಷ ನಿಲ್ಲಲೇಬೇಕು. ಮಲಪ್ರಭಾ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟು ಎಂದು ಸರ್ಕಾರ ಕೇಳಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ರೈತರು ಸತ್ತರು. ಆ ಕಿಚ್ಚು ರಾಜ್ಯವೆಲ್ಲಾ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. 2015ರಿಂದ ನಡೆದ ಮಹದಾಯಿ ಹೋರಾಟಕ್ಕೂ ಇದೇ ನೆಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿತು. ಕಾಲುವೆಗೆ ನೀರು ಬರೂ ದಾರಿ ನೋಡೂ ಪ್ರತಿಯೊಬ್ಬ ಹುಡುಗನೂ ಈ ಲೆಕ್ಕ ತಿಳಿದಿರಬೇಕು. ವೀರಗಲ್ಲು ಅಂದ್ರ ಚಾಲುಕ್ಯರ ಕಾಲಕ್ಕೇ ಮುಗಿದದ್ದಲ್ಲ, ನಮ್ಮಪ್ಪಗಳ ಕಾಲಕ್ಕೂ ನೆಟ್ಟಾರ.

ಅದೇ ಊರಾಗ ಜಮಖಾನ ನೇಯ್ತಾರ. ಮನೆಯೊಳಗಿನ ಮಗ್ಗದ ಮುಂದೆ ಕೂತು ಹೆಣ್ಣುಮಕ್ಕಳು ಹತ್ತಿ ನೂಲಿನಾಗ ನವಿಲು ಎತ್ತುತ್ತಾರೆ. ಬಿಜಾಪುರದ ಆದಿಲಶಾಹಿ ಕಾಲದ ನೇಕಾರರಿಂದ ಬಂದ ವಿದ್ಯೆ ಅಂತ ಹೇಳ್ತಾರ. ಅದಕ್ಕೆ ಜಿಐ ಮಾನ್ಯತೆನೂ ಸಿಕ್ಕೈತಿ. ಆದರೆ ನೇಯುವ ಕೈಗಳು ವರ್ಷ ವರ್ಷ ಕಮ್ಮಿ ಆಗ್ತಾ ಇವೆ. ಹತ್ತಿ ಬೆಳೆಯೋರು ನಾವು, ಮದುವಿಗೆ ಪಾಲಿಸ್ಟರ್ ಚಾಪಿ ತರೋರೂ ನಾವು. ನಮ್ಮ ಹತ್ತಿಯ ಮೇಲೆ ನಮ್ಮೂರ ನವಿಲು ಕೂಡಬೇಕಾದರೆ, ಒಂದು ಮನಿಗೆ ಒಂದು ಜಮಖಾನ ಕೊಂಡರೂ ಶುರುವಾದಂಗ.

ಕುಂದಗೋಳಕ್ಕೆ ಹೋದ್ರ ಶಂಭುಲಿಂಗನ ಗುಡಿ ನೋಡ್ರಿ, ಆಮೇಲೆ ನಾಡಿಗೇರ ವಾಡೆ ಕೇಳ್ರಿ. ಸವಾಯಿ ಗಂಧರ್ವ ಎಂದು ಹೆಸರಾದ ರಾಮಭಾವು ಕುಂದಗೋಳಕರ (1886-1952) ಈ ಊರಿನವರು. ಗದಗಿನ ಭೀಮಸೇನ ಜೋಶಿ ಇವರ ಬಳಿ ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಾಗ ಬಂದು ಪಾಠ ಹೇಳಿಸಿಕೊಂಡು ಹೋಗ್ತಿದ್ದರು. ಮೆಣಸಿನಕಾಯಿ ಒಣಗುವ ಊರಿಂದ ದೇಶವೇ ತಲೆದೂಗುವ ಹಾಡು ಹೊರಟಿತು. ಕಲಘಟಗಿಗೆ ಹೋದ್ರ ಬಣ್ಣದ ತೊಟ್ಟಿಲು ಮಾಡೂ ಮನಿ ಹುಡುಕಿ ಹೋಗ್ರಿ. ಒಂದು ತೊಟ್ಟಿಲು ಮೂರು ತಲೆಮಾರು ತೂಗ್ತದ. ಎರಿ ಮುಗಿದು ಮಲೆನಾಡಿನ ಸೆರಗು ಶುರುವಾಗೂ ಜಾಗ ಅದು. ಜೋಳದ ಹೊಲದಿಂದ ಭತ್ತದ ಗದ್ದೆಗೆ ಒಂದೇ ತಾಸಿನ ದಾರಿ. ಮಣ್ಣು ಬದಲಾದಂಗ ಬೆಳೆ, ಊಟ, ಮನೆಯ ಮಾಡು ಹೆಂಗ ಬದಲಾಗ್ತಾವ ಅನ್ನೂದು ಬೈಕಿನ ಮೇಲೆ ಕೂತೇ ಕಾಣ್ತದ. ಇಂಥ ಪಾಠ ಯಾವ ತರಬೇತಿ ಶಿಬಿರದಾಗೂ ಸಿಗೂದಿಲ್ಲ.

ಇಟಲಿಯವರು ಇದನ್ನ ಹೆಂಗ ಉಂಡ್ರು

ಉತ್ತರ ಇಟಲಿಯಲ್ಲಿ ಮಂಟೋವಾ ಅಂತ ಒಂದು ಪ್ರಾಂತ ಐತಿ, ಅದರ ಮುಖ್ಯ ಪಟ್ಟಣದ ಹೆಸರೂ ಮಂಟೋವಾ. ಪೋ ನದಿಯ ಬಯಲು, ಫಲವತ್ತಾದ ಮಣ್ಣು, ಸುತ್ತ ಕೆರೆ. ಗೊಂಜಾಗಾ ಎಂಬ ಅರಸು ಮನೆತನ ಶತಮಾನಗಟ್ಟಲೆ ಆಳಿತು. 2008ರಲ್ಲಿ ಯುನೆಸ್ಕೊ ಪಟ್ಟಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಲ್ಯಾಟಿನ್ ಭಾಷೆಯ ಮಹಾಕವಿ ವರ್ಜಿಲ್ ಹುಟ್ಟಿದ್ದು ಕ್ರಿ.ಪೂ. 70ರಲ್ಲಿ, ಇದೇ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಅವನು ಬೇಸಾಯದ ಮೇಲೇ ಒಂದು ಕಾವ್ಯ ಬರೆದ: ಉಳುಮೆ, ಗಿಡ-ಬಳ್ಳಿ, ದನ, ಜೇನು, ಹೀಗೆ ನಾಲ್ಕು ಭಾಗ. ಫಲವತ್ತಾದ ಬಯಲು, ಹಳೇ ರಾಜಧಾನಿ, ಮಹಾಕವಿ. ನಮ್ಮ ಬೆಳ್ವೊಲದ್ದೂ ಇದೇ ಲೆಕ್ಕ ಅಲ್ಲೇನ್ರಿ?

ವ್ಯತ್ಯಾಸ ಎಲ್ಲೈತಿ ಅಂದ್ರ, ಅವರು ತಮ್ಮ ಕವಿ, ತಮ್ಮ ಅರಮನೆ, ತಮ್ಮ ಹೊಲದ ಮಾಲು ಮೂರನ್ನೂ ಒಂದೇ ಹೆಸರಿನಡಿ ಕಟ್ಟಿದರು. ಕವಿ ಹುಟ್ಟಿದ ಊರಿಗೆ ಅವನ ಹೆಸರನ್ನೇ ಇಟ್ಟರು. ಪಾರ್ಮಿಜಾನೊ ರೆಜ್ಜಾನೊ ಎಂಬ ಅವರ ಗಿಣ್ಣು (ಚೀಸ್) ಪಾರ್ಮಾ, ರೆಜ್ಜೊ ಎಮಿಲಿಯಾ, ಮೊಡೆನಾ ಪ್ರಾಂತಗಳಲ್ಲಿ ಹಾಗೂ ಮಂಟೋವಾ, ಬೊಲೊನ್ಯಾದ ಗುರುತಿಸಿದ ಭಾಗದಲ್ಲಿ ಮಾತ್ರ ಆಗಬೇಕು, ಕನಿಷ್ಠ 12 ತಿಂಗಳು ಮಾಗಬೇಕು. ಇದನ್ನು ಕಾಯಾಕ 1934ರಿಂದ ಉತ್ಪಾದಕರದೇ ಒಕ್ಕೂಟ ಐತಿ. ಪ್ರತಿ ಗಟ್ಟಿಯ ಮೇಲೂ ಗುರುತು ಒತ್ತಿರ್ತಾರ. ಅದನ್ನು ನೋಡಾಕ ಹೋದ ಪ್ರವಾಸಿ ಬರೇ ಅರಮನೆ ನೋಡಿ ಬರೂದಿಲ್ಲ, ರೈತನ ಮನೆಯಾಗ ಉಂಡು, ಕೊಂಡು ಬರ್ತಾನ.

ಅದಕ್ಕೆ ಕಾನೂನಿನ ಬಲನೂ ಐತಿ. 1985ರಲ್ಲೇ ಇಟಲಿ ಕೃಷಿ ಪ್ರವಾಸಕ್ಕೆ ಕಾಯ್ದೆ ಮಾಡಿತು, 2006ರಲ್ಲಿ ಅದನ್ನು ಹೊಸದು ಮಾಡಿತು. ಅದರ ತಿರುಳು ಒಂದೇ: ಅತಿಥಿಗಳನ್ನು ಕರೆಯಬಹುದು, ಆದರೆ ಒಕ್ಕಲುತನವೇ ಮುಖ್ಯ ಕಸುಬಾಗಿ ಉಳಿಯಬೇಕು. ಹೊಲ ಮುಚ್ಚಿ ಹೋಟೆಲ್ ತೆರೆದವನಿಗೆ ಆ ಹೆಸರು ಸಿಗೂದಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿ ತಂತು. ಇಟಲಿಯವರ ಆ ಒಂದು ಷರತ್ತು ನಮಗೂ ಬೇಕು ಅನ್ನೂದು ನನ್ನ ಅಭಿಪ್ರಾಯ. ಇಲ್ಲದಿದ್ರ "ಫಾರ್ಮ್ ಸ್ಟೇ" ಬೋರ್ಡಿನ ಹಿಂದೆ ರೈತ ಇರೂದಿಲ್ಲ, ಹೊಲ ಕೊಂಡ ಪಟ್ಟಣದವ ಇರ್ತಾನ.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ 2011ರಿಂದ ಜಿಐ ಐತಿ. ಕುಂದಗೋಳದ ರೈತ ಅದನ್ನ ಬೆಳೀತಾನ, ಚೀಲಕ್ಕೆ ತುಂಬಿ ಮಾರುಕಟ್ಟೆಗೆ ಒಯ್ತಾನ, ಹೆಸರಿಲ್ಲದ ಚೀಲದಾಗ ಮಾರಿ ಬರ್ತಾನ. ಹೆಸರು ಐತಿ, ಆದರೆ ಅದು ರೈತನ ಚೀಲದ ಮೇಲೆ ಇಲ್ಲ. ಇದೇ ನಾ ಹೇಳೂ ನಷ್ಟ.

"ಇದು ಹೊಟ್ಟಿ ತುಂಬಿದವರ ಮಾತು"

ನಮ್ಮ ಕಟ್ಟೆ ಮೇಲೆ ಈ ಮಾತು ತೆಗೆದಾಗ ಒಬ್ಬ ಗೆಳೆಯ ಸಿಟ್ಟಿಗೆದ್ದ. "ಹೆಸರಿಗೆ ರೇಟಿಲ್ಲ, ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆಯೂದ್ರೊಳಗ ಮಾಲು ಮಾರಿ ಆಗಿರ್ತದ. ಬೆಣ್ಣಿಹಳ್ಳ ಬಂದ್ರ ಹೊಲ ಕೊಚ್ಚಿಕೊಂಡು ಹೋಗ್ತದ. ಹತ್ತಿಗೆ ಗುಲಾಬಿ ಕಾಯಿಕೊರಕ. ನೀ ಗುಡಿ ನೋಡು ಅಂತಿ. ಇದು ಹೊಟ್ಟಿ ತುಂಬಿದವರ ಮಾತು" ಅಂದ.

ಅವನ ಮಾತು ಸುಳ್ಳಲ್ಲ. ಅಮೃತೇಶ್ವರನ ಗುಡಿ ನೋಡಿ ಬಂದ್ರ ಹೆಸರಿನ ರೇಟ್ ಏರೂದಿಲ್ಲ. ಬೆಲೆ, ವಿಮೆ, ಪರಿಹಾರ, ಇವಕ್ಕೆ ಹೋರಾಟ ಬೇಕು, ಸಂಘಟನೆ ಬೇಕು. ಆದರೆ ಹೋರಾಟಕ್ಕೂ ಒಂದು ನೆಲೆ ಬೇಕಲ್ಲ? 1980ರಾಗ ಬೀದಿಗೆ ಇಳಿದವರು "ಇದು ನಮ್ಮ ಭೂಮಿ" ಅಂತ ಎದಿ ತಟ್ಟಿ ಹೇಳೋರಿದ್ದರು. ಇವತ್ತು ರಸ್ತೆ ಬದಿ ಹೊಲಕ್ಕೆ ಒಬ್ಬ ದಲ್ಲಾಳಿ ಕಾರಿನಾಗ ಬಂದು ಒಂದು ಸಂಖ್ಯೆ ಹೇಳಿದ್ರ, ನಮ್ಮ ಹುಡುಗನ ಬಾಯಿಂದ ಬರೂ ಮೊದಲ ಮಾತು "ಏನೈತಿ ಈ ಊರಾಗ" ಅನ್ನೂದು. ಆ ಮಾತು ಮೊದಲು ಸಾಯಬೇಕು. ಅದು ಸಾಯೂದು ಭಾಷಣದಿಂದಲ್ಲ, ಕಣ್ಣಿಂದ ನೋಡಿದಾಗ.

ಎರಡನೇದು, ಇದರಾಗ ಸಣ್ಣದಾದರೂ ರೊಕ್ಕ ಐತಿ. ಹೋದ ವರ್ಷ ಜನವರಿಯಾಗ ಪರಿಚಯದವರ ಮೂಲಕ ಹುಬ್ಬಳ್ಳಿಯ ಎರಡು ಮನಿ ಮಂದಿ ನಮ್ಮ ಹೊಲಕ್ಕ ಸೀತನಿ ತಿನ್ನಾಕ ಬಂದಿದ್ದರು. ಮಾಲದಂಡಿ ಜೋಳದ ಎಳೀ ತೆನಿ ಕುಳ್ಳಿನ ಕೆಂಡದಾಗ ಸುಟ್ಟು, ಬಡಿದು, ಶೇಂಗಾ ಹಿಂಡಿ, ಬೆಲ್ಲದ ಜೊತೆ ಕೊಟ್ವಿ. ಕಡ್ಲಿ ಸುಲಗಾಯಿ ಹರಕೊಂಡು ತಿಂದ್ರು. ಊಟಕ್ಕ ಖಡಕ್ ರೊಟ್ಟಿ, ಎಣ್ಣಿಗಾಯಿ, ಮೊಸರು. ದಾರಿಯಾಗ ಅಣ್ಣಿಗೇರಿ ಗುಡಿ ತೋರಿಸಿ ಕಳಿಸಿದೆ. ಹೋಗುವಾಗ ಅವರೇ ಕೇಳಿ ಜೋಳ ಒಯ್ದರು. ಈ ವರ್ಷ ಅವೇ ಮನೆಗಳು ಫೋನ್ ಮಾಡಿ, ರಾಶಿಗೂ ಮೊದಲೇ ಜೋಳ, ಕಡ್ಲಿ ಇಡಿಸ್ಯಾರ. ಒಂದು ಕಟ್ಟಡ ಕಟ್ಟಲಿಲ್ಲ, ಒಂದು ರೂಪಾಯಿ ಸಾಲ ಮಾಡಲಿಲ್ಲ. ಅಡತಿ, ಹಮಾಲಿ, ತೂಕದ ಕಟಾವು ಯಾವುದೂ ಇಲ್ಲ. ಇದರಿಂದ ಸಂಸಾರ ನಡೀತದ ಅಂತ ಹೇಳೂದಿಲ್ಲ. ಹತ್ತು ಚೀಲದಾಗ ಒಂದು ಚೀಲ ನನ್ನ ಹೆಸರಿನಾಗ, ನನ್ನ ಬೆಲೆಗೆ ಹೋಯಿತು ಅಷ್ಟೇ. ಆ ಒಂದು ಚೀಲದ ದಾರಿ ಇದು.

ಮಾಡಬೇಕಾದದ್ದು

1. ಒಂದು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಅಣ್ಣಿಗೇರಿ, ಮಧ್ಯಾಹ್ನ ನವಲಗುಂದ. ಇನ್ನೊಂದು ದಿನ ಕುಂದಗೋಳ, ಕಲಘಟಗಿ. ಪೆಟ್ರೋಲ್, ಊಟ ಬಿಟ್ಟು ಖರ್ಚಿಲ್ಲ.

2. ಮನೆಯ ಹಿರಿಯರನ್ನು ಕರಕೊಂಡು ಹೋಗಿ. ಯಾವ ಹಳ್ಳಕ್ಕೆ ಯಾಕೆ ಆ ಹೆಸರು, ಯಾವ ಕೆರೆ ಯಾವಾಗ ಒಡೀತು ಅನ್ನೂದು ಗೂಗಲ್‌ನಾಗ ಇಲ್ಲ, ಅಜ್ಜನ ಬಾಯಾಗ ಐತಿ. ಮೊಬೈಲಿನಾಗ ಧ್ವನಿ ದಾಖಲಿಸಿ ಇಡಿ.

3. ಶಾಸನದ ಫೋಟೋ ತೆಗೆಯುವಾಗ ನೆತ್ತಿ ಮೇಲೆ ಬಿಸಿಲಿದ್ದರೆ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ನೆರಳಿದ್ದರೆ ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಹಿಡಿಯಲಿ. ಸುಣ್ಣ, ಸೀಮೆಸುಣ್ಣ, ಎಣ್ಣೆ, ಭಂಡಾರ ಏನೂ ಹಚ್ಚಬೇಡಿ. ತಂತಿ ಬ್ರಷ್ ಮುಟ್ಟಿಸಲೇಬೇಡಿ.

4. ನಿಮ್ಮೂರ ಕಲ್ಲಿನ ಬಗ್ಗೆ ತಿಳಿಯಬೇಕಾದರೆ ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇದೆ, ಈಗ ಕರ್ನಾಟಕ ವಿಶ್ವವಿದ್ಯಾಲಯದ ಒಳಗೇ ಇದೆ. ಕೃಷಿ ಮೇಳಕ್ಕೆ ಧಾರವಾಡಕ್ಕೆ ಹೋದಾಗ ಅಲ್ಲಿಗೂ ಒಂದು ತಾಸು ಕೊಡಿ.

5. ಹೊಲದಲ್ಲಿ ಉಳುವಾಗ ಮೂರ್ತಿ, ಶಾಸನ ಸಿಕ್ಕರೆ ಒಡೆಯಬೇಡಿ, ಬದುವಿಗೆ ಹಾಕಬೇಡಿ. ಇದ್ದಲ್ಲೇ ಫೋಟೋ ತೆಗೆದು ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ.

6. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಂಥ ಜಾಗದಲ್ಲಿ ಹೊಲ, ಮನೆ ಇದ್ದವರು ಕಟ್ಟಡಕ್ಕೆ ಕೈ ಹಾಕುವ ಮೊದಲು ಅನುಮತಿ ವಿಚಾರಿಸಿ. ಆಮೇಲೆ ನೋಟಿಸ್ ಬಂದಾಗ ಅತ್ತರೆ ಉಪಯೋಗವಿಲ್ಲ.

7. ಅತಿಥಿಗಳನ್ನು ಕರೆಯುವ ಮನಸ್ಸಿದ್ದರೆ ಸಾಲ ಮಾಡಿ ಕೋಣೆ ಕಟ್ಟಬೇಡಿ. ಒಂದು ಊಟದಿಂದ ಶುರು ಮಾಡಿ. ಸೀತನಿ ದಿನ, ಎಳ್ಳ ಅಮವಾಸ್ಯೆಯ ಚರಗದ ದಿನ, ಮೆಣಸಿನಕಾಯಿ ಹರಿಯುವ ದಿನ. ಚೊಕ್ಕ ಶೌಚಾಲಯ, ಕುಡಿಯುವ ನೀರು, ನೆರಳು ಮೂರು ಇದ್ದರೆ ಸಾಕು. ಮನೆಯ ಹೆಣ್ಣುಮಕ್ಕಳ ಮೇಲೆ ರೊಟ್ಟಿ ಬಡಿಯುವ ಕೆಲಸ ಹೇರಿ ರೊಕ್ಕ ನೀವು ಇಟ್ಟುಕೊಳ್ಳಬೇಡಿ. ಆ ದುಡಿಮೆಯ ಪಾಲು ಅವರ ಕೈಗೇ ಹೋಗಲಿ.

8. ಜೋಳ, ಕಡ್ಲಿ, ಮೆಣಸಿನಕಾಯಿ ಯಾವುದೇ ಮಾರಿದರೂ ಚೀಲದ ಮೇಲೆ ಊರಿನ ಹೆಸರು, ತಾಲೂಕು, ನಿಮ್ಮ ಹೆಸರು ಬರೆಯಿರಿ. ರೈತ ಉತ್ಪಾದಕ ಕಂಪನಿ ಇದ್ದಲ್ಲಿ ಅದರ ಸಭೆಯಲ್ಲಿ ಈ ಮಾತು ಎತ್ತಿರಿ.

ಸಾವಿರ ವರ್ಷದ ಹಿಂದೆ ಈ ನಾಡಿಗೆ ಬೆಳ್ವೊಲ ಅಂತ ಹೆಸರಿಟ್ಟವರು ಹೊಲ ನೋಡಿಯೇ ಇಟ್ಟಿರಬೇಕು. ಆ ಹೊಲ ಇನ್ನೂ ಐತಿ, ಮಳಿ ಬಂದ್ರ ಇನ್ನೂ ಬೆಳೀತದ. ಮುಂಗಾರಿಗೆ ಇನ್ನೂ ದಿನ ಐತಿ, ಅಷ್ಟರೊಳಗ ಒಂದು ರವಿವಾರ ನಿಮ್ಮಪ್ಪನ್ನ ಬೈಕಿನ ಹಿಂದ ಕೂಡಿಸಿಕೊಂಡು ಹೊರಡ್ರಿ. ಬಂದ ಮೇಲೆ ನಿಮ್ಮೂರ ಅಗಸಿಯ ಕಲ್ಲಿನ ಮೇಲೆ ಯಾರೂ ಅರಬಿ ಒಗಿಯದಂಗ ನೋಡಿಕೊಂಡ್ರ ಸಾಕು.